ಅಡ್ಡಹೆಸರು ಬರೆದವರು ಯಾರು?

ಗದಗ ಸೀಮೆಯ ಹಳ್ಳಿಯೊಂದಕ್ಕೆ ಹೊಸ ಹುಡುಗನೊಬ್ಬ ಬಂದರೆ ಕಟ್ಟೆಯ ಮೇಲೆ ಕೂತ ಹಿರಿಯರು ಮೊದಲು ಕೇಳುವುದು ‘ಯಾರ ಪೈಕಿ ತಮ್ಮಾ?’ ಎಂದು. ‘ಮೆಣಸಿನಕಾಯಿಯವರ ಪೈಕಿರಿ’ ಎಂದರೆ ಸಾಕು; ಅಜ್ಜ ಯಾರು, ಹೊಲ ಎಲ್ಲಿ, ಯಾರ ಮನೆಗೆ ಹೆಣ್ಣು ಕೊಟ್ಟಿದ್ದಾರೆ ಎಂಬುದೆಲ್ಲ ಅವರಿಗೆ ಗೊತ್ತಾಗಿಬಿಡುತ್ತದೆ. ಅದೇ ಹುಡುಗ ಮಂಡ್ಯದ ಕಡೆ ಹೋದರೆ ಪ್ರಶ್ನೆ ಬೇರೆ: ‘ಯಾವೂರಪ್ಪಾ, ಯಾರ ಮಗ?’ ಈ ಎರಡು ಪ್ರಶ್ನೆಗಳ ಉತ್ತರ ಹಳೇ ಮೈಸೂರಿನವರ ಹೆಸರಿನಲ್ಲೇ ಎರಡು ಇನಿಷಿಯಲ್‌ಗಳಾಗಿ ಕೂತಿರುತ್ತದೆ. ಹರದನಹಳ್ಳಿಯ ದೊಡ್ಡೇಗೌಡರ ಮಗ ಎಚ್.ಡಿ. ದೇವೇಗೌಡ. ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪ ಕುವೆಂಪು ಆದರು.

ಒಂದೇ ಭಾಷೆಯಾಡುವ ಜನರಲ್ಲಿ ಹೆಸರು ಹೇಳುವ ಕ್ರಮ ಇಷ್ಟು ಬೇರೆ ಏಕೆ? ಸಂಪ್ರದಾಯ, ಕುಲ, ಗೋತ್ರ ಎಂದು ಉತ್ತರಿಸಿ ಮುಗಿಸುವವರೇ ಹೆಚ್ಚು. ಅದು ಅರ್ಧ ಮಾತ್ರ ನಿಜ. ಅಡ್ಡಹೆಸರು ಹುಟ್ಟಿದ್ದು ಜನರ ಬಾಯಲ್ಲಿ ಇರಬಹುದು, ಆದರೆ ಅದು ಅಳಿಸಲಾಗದಂತೆ ನಿಂತದ್ದು ದಫ್ತರದಲ್ಲಿ. 1956ಕ್ಕೆ ಮೊದಲು ಕನ್ನಡನಾಡು ಮುಂಬೈ ಪ್ರಾಂತ್ಯ, ಮದರಾಸು ಪ್ರಾಂತ್ಯ, ನಿಜಾಮರ ಹೈದರಾಬಾದು, ಮೈಸೂರು ಸಂಸ್ಥಾನ, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಮುಂಬೈ ಪ್ರಾಂತ್ಯದ ಶಾಲೆ, ಕಚೇರಿಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ತುಂಡಿನ ಕ್ರಮವಿತ್ತು. ಹೀಗಾಗಿ ಧಾರವಾಡದವರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ. ಮೈಸೂರಿನಲ್ಲಿ ಊರು ಮತ್ತು ಅಪ್ಪ ಮೊದಲು, ಆಮೇಲೆ ತಾನು. ಇನಿಷಿಯಲ್ ಬರೆಯುವ ರೀತಿಯಲ್ಲೂ ಆ ಗಡಿ ಕಾಣುತ್ತದೆ: ಉತ್ತರದವರು ದ.ರಾ., ವಿ.ಕೃ. ಎಂದು ಕನ್ನಡ ಅಕ್ಷರದಲ್ಲಿ ಮೊಟಕು ಮಾಡಿದರೆ, ಮೈಸೂರಿನವರು ಡಿ.ವಿ.ಜಿ., ಬಿ.ಎಂ.ಶ್ರೀ. ಎಂದು ಇಂಗ್ಲಿಷ್ ಅಕ್ಷರಗಳನ್ನು ಕನ್ನಡದಲ್ಲಿ ಬರೆದುಕೊಂಡರು. ರಾಜ್ಯ ಒಂದಾಗಿ ಎಷ್ಟೋ ದಶಕಗಳಾದರೂ ಈ ಗಡಿ ಮಾತ್ರ ಹಾಗೇ ಉಳಿದಿದೆ.

ದಫ್ತರದ ಕೈವಾಡ ಬ್ರಿಟಿಷರಿಂದ ಶುರುವಾದದ್ದೇನೂ ಅಲ್ಲ. ಹಳಗನ್ನಡ ಶಾಸನಗಳಲ್ಲಿ ಊರಿನ ಮುಖ್ಯಸ್ಥ ಗಾವುಂಡ, ಆಡಳಿತದ ಅಧಿಕಾರಿ ಪೆರ್ಗಡೆ, ಲೆಕ್ಕ ಬರೆಯುವವ ಸೇನಬೋವ. ಇವರೇ ಇಂದಿನ ಗೌಡ, ಹೆಗಡೆ, ಶಾನಭಾಗ. ಬೊಕ್ಕಸ ನೋಡಿಕೊಂಡವರು ಭಂಡಾರಿಗಳಾದರು. ಬಹಮನಿ, ಆದಿಲ್‌ಶಾಹಿ, ಮರಾಠರ ಕಾಲದ ಆಡಳಿತ ವ್ಯವಸ್ಥೆಯಿಂದ ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ, ಇನಾಮದಾರ, ಕಿಲ್ಲೇದಾರ, ಜಮಾದಾರರು ಬಂದರು. ಇವೆಲ್ಲ ವಂಶದ ಹೆಸರುಗಳಾಗುವ ಮೊದಲು ಹುದ್ದೆಗಳಾಗಿದ್ದವು. ಹುದ್ದೆ ಅಪ್ಪನಿಂದ ಮಗನಿಗೆ ಬರುತ್ತಿತ್ತು, ಅದರ ಜೊತೆಗೆ ಇನಾಮು ಜಮೀನೂ ಬರುತ್ತಿತ್ತು. ಜಮೀನು ಕೈಯಲ್ಲಿ ಉಳಿಯಬೇಕಾದರೆ ಹುದ್ದೆಯ ಹೆಸರು ಕಾಗದದಲ್ಲಿ ಉಳಿಯಬೇಕು. ಅಡ್ಡಹೆಸರಿನ ಮೇಲೆ ನಮ್ಮವರಿಗಿರುವ ಮಮತೆಯ ಮೂಲವನ್ನು ಹುಡುಕುವವರು ಪುರಾಣಕ್ಕಿಂತ ಮೊದಲು ಪಹಣಿಯನ್ನು ನೋಡುವುದು ಒಳ್ಳೆಯದು.

ಈ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಮೈಸೂರು ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ತೆಗೆದುಹಾಕಿತು. ಅದು ಜಾರಿಗೆ ಬಂದದ್ದು 1963ರ ಫೆಬ್ರುವರಿಯಲ್ಲಿ. ಅಂದಿನಿಂದ ಪಾಟೀಲರಿಗೆ ಪಾಟೀಲಕಿ ಇಲ್ಲ, ಕುಲಕರ್ಣಿಯವರಿಗೆ ಲೆಕ್ಕದ ಪುಸ್ತಕವಿಲ್ಲ. ಹೆಸರು ಮಾತ್ರ ಹೋಗಲಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಕುಲಕರ್ಣಿ ಊರ ಕಂದಾಯದ ರಸೀದಿಯನ್ನೇ ಕಂಡಿರಲಿಕ್ಕಿಲ್ಲ.

ಹುದ್ದೆ ಹೋಗಿ ಹೆಸರು ಉಳಿದಾಗ ಜನ ಅದಕ್ಕೆ ಇನ್ನೊಂದು ಕೆಲಸ ಹಚ್ಚಿದರು: ಜಾತಿ ತಿಳಿಯುವುದು. ಬಾಡಿಗೆ ಮನೆ ಕೇಳಲು ಹೋದಾಗ, ಹುಡುಗಿ ನೋಡಲು ಹೋದಾಗ, ಹೊಸ ಸಹೋದ್ಯೋಗಿ ಬಂದಾಗ ‘ನಿಮ್ಮ ಅಡ್ಡಹೆಸರು?’ ಎಂಬ ಪ್ರಶ್ನೆ ಬರುವುದು ಕುತೂಹಲಕ್ಕಲ್ಲ ಎಂಬುದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಕೆಲವು ಹೆಸರು ಈ ಕೆಲಸವನ್ನು ಮಾಡುತ್ತವೆ, ನಿಜ. ಹಿರೇಮಠ ಎಂದರೆ ಜಂಗಮರು, ಕಾರಂತ, ಐತಾಳ, ಹೊಳ್ಳ ಎಂದರೆ ಕರಾವಳಿಯ ಬ್ರಾಹ್ಮಣರು. ಹಾಗೆಯೇ ಊರ ಚಾಕರಿಯ ಹೆಸರನ್ನೋ ಜಾತಿಯ ಹೆಸರನ್ನೋ ಮಾಸ್ತರು ಶಾಲೆಯ ದಾಖಲೆಯಲ್ಲಿ ಅಡ್ಡಹೆಸರಾಗಿ ಬರೆದುಬಿಟ್ಟ ದಲಿತ ಕುಟುಂಬಗಳು ಉತ್ತರ ಕರ್ನಾಟಕದಲ್ಲಿ ಕಡಿಮೆಯಿಲ್ಲ. ಒಬ್ಬನಿಗೆ ಹೆಮ್ಮೆಯಾದದ್ದು ಇನ್ನೊಬ್ಬನಿಗೆ ಹಾಜರಿ ಕರೆದಾಗಲೆಲ್ಲ ಚುಚ್ಚುವ ಮುಳ್ಳು. ಅಡ್ಡಹೆಸರಿನ ಪರಂಪರೆಯನ್ನು ಕೊಂಡಾಡುವ ಲೇಖನಗಳು ಈ ಹಾಜರಿ ಪುಸ್ತಕದ ಹತ್ತಿರ ಸುಳಿಯುವುದೇ ಇಲ್ಲ.

ಆದರೆ ಹೆಸರು ಹಿಡಿದು ಜಾತಿ ಹೇಳುವ ಜಾಣರು ಮುಗ್ಗರಿಸುವ ಕಡೆಗಳೂ ಬೇಕಾದಷ್ಟಿವೆ. ಗೌಡ ಎಂದರೆ ಹಾಸನದಲ್ಲಿ ಒಕ್ಕಲಿಗರು, ವಿಜಯಪುರದ ಹಳ್ಳಿಯಲ್ಲಿ ಲಿಂಗಾಯತ ಊರಗೌಡರು, ಅಂಕೋಲೆಯಲ್ಲಿ ಹಾಲಕ್ಕಿಗಳು. ಹಾಡುಗಳಿಗಾಗಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ ಹಾಲಕ್ಕಿ ಸಮುದಾಯದವರು. ನಾಯಕ ಇನ್ನೂ ತೊಡಕಿನದು: ಚಿತ್ರದುರ್ಗದ ಪಾಳೆಯಗಾರರು ನಾಯಕರು, ಅಂಕೋಲೆಯ ನಾಡವರು ನಾಯಕರು, ಭಟ್ಕಳದ ನಾಮಧಾರಿಗಳು ನಾಯ್ಕರು, ಗೌಡ ಸಾರಸ್ವತರಲ್ಲಿ ನಾಯಕರಿದ್ದಾರೆ, ಲಂಬಾಣಿ ತಾಂಡಾದ ಮುಖ್ಯಸ್ಥನೂ ನಾಯ್ಕ. ಪಾಟೀಲರಲ್ಲಿ ಲಿಂಗಾಯತರು, ಮರಾಠರು, ಜೈನರು, ಮುಸ್ಲಿಮರು ಎಲ್ಲರೂ ಸಿಗುತ್ತಾರೆ, ಏಕೆಂದರೆ ಪಾಟೀಲಕಿ ಎನ್ನುವುದು ಜಾತಿಯಲ್ಲ, ನೌಕರಿ.

ಇದು ಬರೀ ಚರ್ಚೆಯ ಮಾತಲ್ಲ ಎಂಬುದಕ್ಕೆ ‘ತಳವಾರ’ ಸಾಕ್ಷಿ. ಊರ ಕಾವಲು, ಡಂಗುರ, ಕಂದಾಯ ವಸೂಲಿಗೆ ಬಂದ ಅಧಿಕಾರಿಗಳ ಸಹಾಯ, ಇವೆಲ್ಲ ತಳವಾರಿಕೆಯ ಕೆಲಸಗಳು. ಈ ಕೆಲಸವನ್ನು ಎಲ್ಲ ಊರುಗಳಲ್ಲೂ ಒಂದೇ ಜಾತಿಯವರು ಮಾಡಿದ್ದಲ್ಲ. 2020ರಲ್ಲಿ ಸಂಸತ್ತು ತಿದ್ದುಪಡಿ ಮಾಡಿ ಪರಿವಾರ, ತಳವಾರ ಎಂಬ ಹೆಸರುಗಳನ್ನು ನಾಯಕ ಸಮುದಾಯಕ್ಕೆ ಸಮಾನವೆಂದು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿತು. ಕೂಡಲೇ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಪ್ರಶ್ನೆ ಎದ್ದಿತು: ತಳವಾರ ಎಂಬ ಅಡ್ಡಹೆಸರಿದ್ದವರೆಲ್ಲ ತಳವಾರ ಸಮುದಾಯದವರೇ? ಅಜ್ಜ ಮಾಡಿದ್ದು ತಳವಾರಿಕೆಯ ಚಾಕರಿ, ಜಾತಿ ಬೇರೆ ಎಂದಾದರೆ ಪ್ರಮಾಣಪತ್ರ ಯಾರಿಗೆ? ತಹಶೀಲ್ದಾರರ ಕಚೇರಿಯ ಮೇಜಿಗೆ ಬಂದ ಈ ಪ್ರಶ್ನೆಗೆ ಅಡ್ಡಹೆಸರೊಂದನ್ನೇ ಹಿಡಿದು ಉತ್ತರ ಹೇಳಲು ಸಾಧ್ಯವಿಲ್ಲ. ಅದು ಹುದ್ದೆಯ ನೆನಪು ಇಟ್ಟುಕೊಂಡಿದೆಯೇ ಹೊರತು ಕುಲದ ನೆನಪನ್ನಲ್ಲ.

ಇಷ್ಟಾದರೂ ಎಲ್ಲ ಅಡ್ಡಹೆಸರನ್ನೂ ಸಂಶಯದಿಂದ ನೋಡಬೇಕಿಲ್ಲ. ಉತ್ತರ ಕರ್ನಾಟಕದ ಕೆಲವು ಹೆಸರುಗಳು ನಗಿಸುತ್ತವೆ, ನಗಿಸುತ್ತಲೇ ಊರಿನ ಸಂತೆಯನ್ನು ಕಣ್ಣ ಮುಂದೆ ತರುತ್ತವೆ: ಉಳ್ಳಾಗಡ್ಡಿ, ಬದನಿಕಾಯಿ, ಬೆಲ್ಲದ, ಅಕ್ಕಿ, ಹತ್ತಿ, ಉಪ್ಪಿನ, ಸಕ್ಕರಿ. ಅಜ್ಜ ಏನು ಮಾರಿದನೋ, ಯಾವ ಬೆಳೆ ತೆಗೆದನೋ, ಅದೇ ಮನೆಯ ಹೆಸರು. ಬಡಿಗೇರ, ಗಾಣಿಗೇರ, ಪತ್ತಾರ, ಹೂಗಾರ, ಕಂಬಾರ ಇವು ಕಸುಬಿನವು. ಚಂದ್ರಶೇಖರ ಕಂಬಾರರು ಜ್ಞಾನಪೀಠ ಪಡೆದಾಗ ಕುಲುಮೆಯ ಹೆಸರೇ ಆ ಪಟ್ಟಿಯಲ್ಲಿ ಸೇರಿತು. ಇನ್ನು ಹೊಸಮನಿ, ಹಳೇಮನಿ, ದೊಡ್ಡಮನಿ, ಕಟ್ಟೀಮನಿ, ಮೇಲಿನಮನಿ. ಅಣ್ಣತಮ್ಮಂದಿರು ಪಾಲಾಗಿ ಒಬ್ಬ ಹೊಸ ಮನೆ ಕಟ್ಟಿದ, ಇನ್ನೊಬ್ಬ ಹಳೆಯದರಲ್ಲೇ ಉಳಿದ. ಊರವರು ಗುರುತಿಗೆ ಹಾಗೆ ಕರೆದರು. ನಾಲ್ಕು ತಲೆಮಾರಿನ ಹಿಂದೆ ಹೊಸದಾಗಿದ್ದ ಮನೆ ಬಿದ್ದು ಎಷ್ಟೋ ವರ್ಷವಾದರೂ ಮನೆತನ ಹೊಸಮನಿಯೇ. ಇಲ್ಲಿ ಗೋತ್ರ, ಮೂಲಪುರುಷ ಯಾವುದೂ ಇಲ್ಲ. ಅಂಚೆಯವನು ಬರುವ ಮೊದಲೇ ಜನರು ಮಾಡಿಕೊಂಡ ವಿಳಾಸ ಇದು.

ವಿಳಾಸವೆಂಬ ಮಾತು ಊರಹೆಸರಿನ ಅಡ್ಡಹೆಸರುಗಳಿಗೆ ಇನ್ನೂ ಒಪ್ಪುತ್ತದೆ, ಒಂದು ವಿಚಿತ್ರದೊಂದಿಗೆ: ಊರಲ್ಲೇ ಇರುವವರಿಗೆ ಊರ ಹೆಸರು ಬೇಕಾಗುವುದಿಲ್ಲ, ಬಿಟ್ಟುಹೋದವರಿಗೇ ಅದು ಬೇಕು. ಸವಣೂರಿನಲ್ಲಿ ಹುಟ್ಟಿದವರು ಗೋಕಾಕರು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ‘ಡಿ’ ದೇವನಹಳ್ಳಿಯದು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ‘ಎಂ’ ಆಂಧ್ರದ ಮೋಕ್ಷಗುಂಡಂ. ಅವರ ಹಿರಿಯರು ಆ ಊರು ಬಿಟ್ಟು ತಲೆಮಾರುಗಳೇ ಕಳೆದಿದ್ದವು. ಈ ಕ್ರಮದ ಅತ್ಯಂತ ಚೆಂದದ ಉದಾಹರಣೆ ಚಿತ್ರಾಪುರ ಸಾರಸ್ವತರದು. ಕರಾವಳಿಯಲ್ಲಿ ಊರ ಲೆಕ್ಕ ಬರೆದುಕೊಂಡಿದ್ದ ಈ ಸಣ್ಣ ಸಮುದಾಯ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಓದು, ನೌಕರಿ ಅರಸಿ ಮುಂಬೈಗೆ ಹೊರಟಿತು. ಹೊರಡುವಾಗ ತಮ್ಮ ತಮ್ಮ ಹಳ್ಳಿಗಳ ಹೆಸರನ್ನು ಕಟ್ಟಿಕೊಂಡು ಹೋಯಿತು. ಗಿರೀಶ ಕಾರ್ನಾಡ, ಶ್ಯಾಮ್ ಬೆನಗಲ್, ನಂದನ್ ನಿಲೇಕಣಿ, ಗುರುದತ್ ಪಡುಕೋಣೆ, ಪ್ರಕಾಶ್ ಪಡುಕೋಣೆ. ಕಾರ್ನಾಡು ಮೂಲ್ಕಿಯ ಹತ್ತಿರ, ನಿಲೇಕಣಿ ಶಿರಸಿಯಲ್ಲಿ, ಪಡುಕೋಣೆ ಕುಂದಾಪುರದ ಕಡೆ. ಬಾಲಿವುಡ್ಡಿನ ಪೋಸ್ಟರುಗಳಲ್ಲಿ ಇವತ್ತು ರಾರಾಜಿಸುವ ಹೆಸರು ಒಂದು ಹೊಳೆದಂಡೆಯ ಹಳ್ಳಿಯದು ಎಂಬುದು ದೀಪಿಕಾ ಪಡುಕೋಣೆಯ ಅಭಿಮಾನಿಗಳಲ್ಲಿ ಎಷ್ಟು ಜನಕ್ಕೆ ಗೊತ್ತೋ!

ಮಹಾರಾಷ್ಟ್ರದ ಅಂಬಡವೆ ಎಂಬ ಹಳ್ಳಿ ಅಂಬೇಡ್ಕರ್ ಎಂಬ ಹೆಸರಾದದ್ದೂ ಇದೇ ದಾರಿಯಲ್ಲಿ. ಅವರ ಮನೆತನದ ಹಳೆಯ ಹೆಸರು ಸಕ್ಪಾಲ. ಜಾತಿಯನ್ನು ಬಾಯಿಬಿಟ್ಟು ಹೇಳದ ಗುಣ ಊರ ಹೆಸರಿಗಿದೆ. ತಮಿಳುನಾಡು ಇನ್ನೂ ಮುಂದೆ ಹೋಗಿ ಜಾತಿಸೂಚಕವನ್ನೇ ಕಿತ್ತುಹಾಕಿತು: 1929ರಲ್ಲಿ ಚೆಂಗಲ್ಪಟ್ಟಿನ ಸ್ವಾಭಿಮಾನ ಸಮ್ಮೇಳನ ಜಾತಿ ಬಾಲವನ್ನು ಬಿಡುವಂತೆ ಕರೆ ಕೊಟ್ಟಿತು, ಪೆರಿಯಾರ್ ತಮ್ಮ ‘ನಾಯ್ಕರ್’ ಬಿಟ್ಟರು. ಹಳೇ ಮೈಸೂರಿನ ಇನಿಷಿಯಲ್ ಪದ್ಧತಿ ಯಾವ ಚಳವಳಿಯೂ ಇಲ್ಲದೆ ಈ ಕೆಲಸವನ್ನು ಅಷ್ಟಿಷ್ಟು ಮಾಡಿತ್ತು ಎನ್ನಬಹುದು. ಹೆಸರಿನ ಕೊನೆಗೆ ಗೌಡ, ಶೆಟ್ಟಿ, ಅಯ್ಯಂಗಾರ್ ಅಂಟಿಕೊಂಡಲ್ಲಿ ಮಾತ್ರ ಸೋತಿತ್ತು.

ಕುಲದ ಹೆಸರು ನಿಜಕ್ಕೂ ಕುಲದ್ದೇ ಆಗಿರುವ ಜಾಗ ಬೇಕಾದರೆ ಕೊಡಗಿಗೆ ಹೋಗಬೇಕು. ಅಲ್ಲಿ ಒಕ್ಕದ, ಅಂದರೆ ಕುಲದ ಹೆಸರು ಮೊದಲು ಬರುತ್ತದೆ, ಮನುಷ್ಯನ ಹೆಸರು ಕೊನೆಗೆ. ಕೋದಂಡೇರ ಮಾದಪ್ಪ ಕಾರ್ಯಪ್ಪ 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು; 1957ರಲ್ಲಿ ಸೇನೆಯ ಮುಖ್ಯಸ್ಥರಾದ ತಿಮ್ಮಯ್ಯನವರೂ ಕೋದಂಡೇರರೇ. ಒಕ್ಕಕ್ಕೆ ಐನ್‌ಮನೆ ಎಂಬ ಮೂಲಮನೆ ಇದೆ, ಕೈಮಡ ಎಂಬ ಹಿರಿಯರ ಗುಡಿ ಇದೆ, 1997ರಿಂದ ಹಾಕಿ ತಂಡವೂ ಇದೆ. ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಹಾಕಿ ಹಬ್ಬದಲ್ಲಿ ಆಡುವುದು ಊರುಗಳಲ್ಲ, ಕ್ಲಬ್ಬುಗಳಲ್ಲ, ಅಡ್ಡಹೆಸರುಗಳು. 2024ರ ಕುಂಡ್ಯೋಳಂಡ ಕಪ್‌ಗೆ ಬಂದ ಒಕ್ಕಗಳ ತಂಡಗಳು 360.

ತುಳುನಾಡಿನಲ್ಲಿ ಎರಡು ಲೆಕ್ಕ. ಶೆಟ್ಟಿ, ರೈ, ಆಳ್ವ ಎಂಬ ಹೆಸರು ಹೊರಗಿನವರಿಗೆ. ಮದುವೆ ಮಾತುಕತೆಗೆ ಕೂತಾಗ ಕೇಳುವುದು ‘ಬರಿ ಯಾವುದು?’ ಎಂದು. ಬರಿ ಎಂದರೆ ಕುಲ, ಅದು ಬರುವುದು ತಾಯಿಯಿಂದ. ಅಳಿಯಸಂತಾನದ ಆಸ್ತಿ ಕಟ್ಟಳೆ ಕಾನೂನುಗಳ ಹೊಡೆತಕ್ಕೆ ಸಡಿಲಾಗಿ ಹೋಯಿತು, ಮಕ್ಕಳು ಅಪ್ಪನ ಹೆಸರನ್ನೇ ಹಾಕಿಕೊಳ್ಳುವುದು ಈಗ ರೂಢಿ, ಬರಿ ಮಾತ್ರ ಇನ್ನೂ ತಾಯಿಯ ಕಡೆಯದೇ. ಅದಕ್ಕೆ ಆಧಾರ್ ಕಾರ್ಡಿನಲ್ಲಿ ಜಾಗವಿಲ್ಲ. ಮಂಗಳೂರಿನ ಕ್ರೈಸ್ತರಲ್ಲೂ ಇಂಥದೇ ಒಳಲೆಕ್ಕ ಉಳಿದಿದೆ: ಹೊರಗೆ ಡಿಸೋಜ, ಪಿರೇರಾ, ಫೆರ್ನಾಂಡಿಸ್, ಮನೆಯ ಹಿರಿಯರ ನೆನಪಿನಲ್ಲಿ ಗೋವೆಯ ಕಾಲದ ಪ್ರಭು, ಕಾಮತ, ಶೇಟ.

ಈಗ ಅಡ್ಡಹೆಸರು ಬರೆಯುತ್ತಿರುವುದು ಪಟವಾರಿಯಲ್ಲ, ಪಾಸ್‌ಪೋರ್ಟು. ಭಾರತದ ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಕಡ್ಡಾಯವಲ್ಲ, ಹೊರಗಿನ ದೇಶಗಳು ಮಾತ್ರ ಬಿಡುವುದಿಲ್ಲ. ಒಂದೇ ಹೆಸರಿರುವವರಿಗೆ ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು ಎಂದು ಅಚ್ಚಾಗುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು. 2022ರ ನವೆಂಬರಿನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿನ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲವೆಂದಿತು. ಇಂಥ ಕಿರಿಕಿರಿಗೆ ಹೆದರಿ ಹಾಸನ, ತುಮಕೂರಿನ ತಂದೆತಾಯಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡುತ್ತಿದ್ದಾರೆ. ಮಂಜುನಾಥನ ಮಗಳು ಮಿಸ್ ಮಂಜುನಾಥ್ ಆಗುತ್ತಾಳೆ. ಅವಳ ಮಗುವಿಗೆ ಇನ್ನೊಬ್ಬರ ಹೆಸರು. ತಲೆಮಾರಿಗೊಮ್ಮೆ ಬದಲಾಗುವುದನ್ನು ಮನೆತನದ ಹೆಸರು ಎನ್ನಲು ಬಾರದು, ಆದರೆ ಅರ್ಜಿಗೆ ಅದು ಸಾಕು.

ಹೆಣ್ಣುಮಕ್ಕಳ ಪಾಲಿಗೆ ಅಡ್ಡಹೆಸರಿನ ಪರಂಪರೆ ಎಂದೂ ಅಷ್ಟು ಭದ್ರವಾಗಿರಲಿಲ್ಲ. ಢಾಕಾದಲ್ಲಿ ಹುಟ್ಟಿ ಮುಂಬೈಯಲ್ಲಿ ಹಾಡಿದ ಸುಮನ್ ಕಲ್ಯಾಣಪುರ ಮದುವೆಗೆ ಮೊದಲು ಸುಮನ್ ಹೆಮ್ಮಾಡಿ. ಹೆಮ್ಮಾಡಿ ಕುಂದಾಪುರದ ಹತ್ತಿರ, ಕಲ್ಯಾಣಪುರ ಉಡುಪಿಯ ಹತ್ತಿರ. ಒಂದು ಮದುವೆಯಲ್ಲಿ ಒಂದು ಊರು ಹೋಗಿ ಇನ್ನೊಂದು ಬಂತು, ಜಗತ್ತಿಗೆ ಗೊತ್ತಾದದ್ದು ಎರಡನೆಯದು. ಮಹಾರಾಷ್ಟ್ರ ಸರ್ಕಾರ ಇದಕ್ಕೆ ಒಂದು ತಿದ್ದುಪಡಿ ಹುಡುಕಿದೆ: 2024ರ ಮೇ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಆಮೇಲೆ ಅಡ್ಡಹೆಸರು. ಬೆಳಗಾವಿ, ಧಾರವಾಡದ ಮೂರು ತುಂಡಿನ ಹೆಸರಿಗೆ ಈ ಕ್ರಮವನ್ನು ನಾಳೆಯೇ ಜೋಡಿಸಬಹುದು. ಊರಿನ ಒಂದು ಅಕ್ಷರ, ಅಪ್ಪನ ಒಂದು ಅಕ್ಷರ ಎಂದು ಲೆಕ್ಕ ಮುಗಿಸಿರುವ ಮೈಸೂರು ಸೀಮೆಯಲ್ಲಿ ತಾಯಿಯನ್ನು ಸೇರಿಸಬೇಕಾದರೆ ಊರನ್ನು ಬಿಡಬೇಕೋ, ಮೂರನೆಯ ಇನಿಷಿಯಲ್ ಹಚ್ಚಬೇಕೋ ಎಂಬುದನ್ನು ಶಾಲೆಯ ದಾಖಲಾತಿ ಅರ್ಜಿ ಇನ್ನೂ ಕೇಳಿಲ್ಲ.