ರುಜು ಕೇಳುವ ಶಾಲೆ ಸುದ್ದಿ ಹೇಳುವುದಿಲ್ಲವೇಕೆ?



ಈ ಸಲ ಹಳೆಯ ನೆನಪುಗಳ ಬುತ್ತಿಯನ್ನು ಬದಿಗಿಟ್ಟು ಸ್ವಲ್ಪ ಜಗಳವಾಡಬೇಕೆಂದಿದ್ದೇನೆ. ನನ್ನಲ್ಲಿ ಓದಿದ ನಿಮ್ಮಲ್ಲಿ ಬಹಳ ಮಂದಿ ಈಗ ತಾಯ್ತಂದೆಯರಾಗಿದ್ದೀರಿ. ನಿಮ್ಮ ಮಕ್ಕಳು ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದಾರೆ. ಕೆಲವರು ನೀವೇ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದೀರಿ. ಆದುದರಿಂದ ನನ್ನ ಜಗಳ ಎರಡು ಪಕ್ಷದವರೊಡನೆಯೂ ಹೌದು. ಯಾರೂ ತಪ್ಪಿಸಿಕೊಳ್ಳಲಾಗದು!

ನಿಮ್ಮ ಮೊಬೈಲನ್ನು ತೆರೆದು ಮಗುವಿನ ತರಗತಿಯ ವಾಟ್ಸಾಪ್ ಗುಂಪನ್ನೊಮ್ಮೆ ನೋಡಿರಿ. ಕೃಷ್ಣನ ವೇಷ, ಒನಕೆ ಓಬವ್ವನ ವೇಷ, ಗಿಡ ನೆಡುವ ಚಿತ್ರ, ಹುಟ್ಟುಹಬ್ಬದ ಕೇಕು, ನಾಳೆ ಹಳದಿ ಬಣ್ಣದ ಬಟ್ಟೆ ತೊಡಿಸಿ ಕಳಿಸಿರೆಂಬ ಅಪ್ಪಣೆ, ಶುಲ್ಕದ ನೆನಪೋಲೆ, ಮನೆಗೆಲಸದ ಪಟ್ಟಿ... ದಿನಕ್ಕೆ ಹತ್ತಾರು ಸಂದೇಶಗಳು. ಶಾಲೆ ಹೆತ್ತವರೊಡನೆ ಇಷ್ಟೊಂದು ಮಾತನಾಡಿದ ಕಾಲ ಹಿಂದೆಂದೂ ಇರಲಿಲ್ಲ. ಆದರೂ ನಾನು ಕೇಳುವ ಮೂರು ಸಣ್ಣ ಪ್ರಶ್ನೆಗಳಿಗೆ ಉತ್ತರ ಹೇಳಿರಿ. ಮೂರನೆಯ ತರಗತಿಯಲ್ಲಿರುವ ನಿಮ್ಮ ಮಗು, ತಾನು ಹಿಂದೆ ನೋಡಿರದ ಒಂದು ಸರಳ ಪುಟವನ್ನು ತಾನೇ ಓದಬಲ್ಲದೇ? ಓದುವಾಗ ಒತ್ತಕ್ಷರ ಎದುರಾದೊಡನೆ ನಿಂತುಬಿಡುತ್ತದೆಯೇ? ೫೨ರಲ್ಲಿ ೩೭ನ್ನು ಕಳೆಯೆಂದರೆ ದಶಕ ಬಿಡಿಸಿ ೧೫ ಎನ್ನುತ್ತದೆಯೋ, ದೊಡ್ಡ ಅಂಕಿಯಿಂದ ಸಣ್ಣ ಅಂಕಿಯನ್ನು ಕಳೆದು ೨೫ ಎಂದು ಬರೆಯುತ್ತದೆಯೋ?

ಉತ್ತರ ತಿಳಿಯದಿದ್ದರೆ ನಿಮ್ಮನ್ನು ದೂರುವುದಿಲ್ಲ. ಈ ಮೂರನ್ನೂ ನಿತ್ಯ ಕಣ್ಣಾರೆ ಕಾಣುವವರು ಶಿಕ್ಷಕರು. ಅವರು ಕಂಡದ್ದು ನಿಮ್ಮವರೆಗೆ ಬಂದಿಲ್ಲವೆಂದ ಮೇಲೆ ಆ ನೂರಾರು ಸಂದೇಶಗಳು ಯಾವ ಪುರುಷಾರ್ಥಕ್ಕೆ? ಶಾಲೆ ತನ್ನ ವಿಚಾರವನ್ನು ಸಾರುತ್ತಿದೆಯೇ ಹೊರತು ಮಗುವಿನ ವಿಚಾರವನ್ನು ತಿಳಿಸುತ್ತಿಲ್ಲ. ಇದೇ ನನ್ನ ತಕರಾರು.

ಇದನ್ನು ಶಾಲೆಯ ಔದಾರ್ಯವೆಂದು ಭಾವಿಸಬೇಡಿರಿ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದಿತು. ಅದರ ೨೪ನೆಯ ಪ್ರಕರಣವು ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪ್ರತಿಯೊಂದು ಮಗುವಿನ ಕಲಿಯುವ ಸಾಮರ್ಥ್ಯವನ್ನು ಅಳೆದು, ಬೇಕಾದಲ್ಲಿ ಹೆಚ್ಚಿನ ಬೋಧನೆ ಮಾಡಬೇಕು. ತಂದೆತಾಯಿಯರನ್ನೂ ಪೋಷಕರನ್ನೂ ನಿಯತವಾಗಿ ಸಭೆ ಸೇರಿಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆಗಿರುವ ಪ್ರಗತಿ ಇವನ್ನು ತಿಳಿಸಬೇಕು. ಕಾಯಿದೆಯ ಈ ಮಾತನ್ನು ಬಹುಪಾಲು ಹೆತ್ತವರು ಓದಿಲ್ಲ. ಓದಿದ ಶಿಕ್ಷಕರಲ್ಲಿ ಬಹುಪಾಲು ಮಂದಿ ಮರೆತಿದ್ದಾರೆ.

ನಾನು ಪ್ರೌಢಶಾಲೆಯ ಮೇಷ್ಟ್ರು. ಪ್ರಾಥಮಿಕ ಶಾಲೆಯ ವಿಚಾರದಲ್ಲಿ ನನಗೇಕೆ ಈ ಉಸಾಬರಿ ಎಂದು ಕೆಲವರು ಕೇಳಬಹುದು. ಮೇಲಿನ ಗದ್ದೆಯಲ್ಲಿ ಒಡ್ಡು ಒಡೆದರೆ ನೀರು ನುಗ್ಗುವುದು ಕೆಳಗಿನ ಗದ್ದೆಗೆ ತಾನೇ? ಏಳನೆಯ ತರಗತಿ ಮುಗಿಸಿ ಎಂಟಕ್ಕೆ ನಮ್ಮಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಪ್ರತಿವರ್ಷ ಕೆಲವರಾದರೂ ಕನ್ನಡದ ಒಂದು ಪರಿಚ್ಛೇದವನ್ನು ಓದಲಾರದೆ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಅವರ ಪ್ರಗತಿಪತ್ರಗಳಲ್ಲಿ ಮಾತ್ರ ‘ಬಿ’ ಮತ್ತು ‘ಬಿ ಪ್ಲಸ್’ ಶ್ರೇಣಿಗಳು ಸಾಲಾಗಿ ಕುಳಿತಿರುತ್ತಿದ್ದವು. ನಿವೃತ್ತಿಗೆ ಕೆಲವು ವರ್ಷಗಳ ಮುಂಚೆ ಅಂತಹ ಒಬ್ಬ ಹುಡುಗನ ತಂದೆಯನ್ನು ಕರೆಸಿದ್ದೆ. ಗಾರೆ ಕೆಲಸದವರು. ಮಗನಿಗೆ ಓದಲು ಬರುತ್ತಿಲ್ಲವೆಂದು ತಿಳಿಸಿದಾಗ ಅವರು ಮೊದಲು ನಂಬಲಿಲ್ಲ. ಮಗನ ಕೈಗೆ ಪುಸ್ತಕ ಕೊಟ್ಟು ಓದಿಸಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, “ಏಳು ವರ್ಷ ಕಾರ್ಡಿಗೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರಲ್ಲ ಮೇಷ್ಟ್ರೇ, ಒಬ್ರಾದ್ರೂ ಈ ಮಾತು ಹೇಳ್ಬಾರದಿತ್ತಾ?” ಎಂದರು. ಆ ಪ್ರಶ್ನೆಗೆ ಯಾವ ಇಲಾಖೆಯ ಸುತ್ತೋಲೆಯಲ್ಲಿಯೂ ಉತ್ತರವಿಲ್ಲ.

ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು. ಅಷ್ಟನ್ನೂ ನಡೆಸಿ, ಅಂಕ ತುಂಬಿ, ಶ್ರೇಣಿ ಬರೆದು, ಪತ್ರವನ್ನು ಮನೆಗೆ ಕಳುಹಿಸಿ, ರುಜು ಬಿದ್ದ ಮೇಲೆ ಹಿಂದಕ್ಕೆ ಪಡೆದು ಬೀರುವಿನಲ್ಲಿಟ್ಟರೆ ಶಾಲೆಯ ಕರ್ತವ್ಯ ಮುಗಿಯಿತು. ‘ಬಿ ಪ್ಲಸ್’ ಎಂದರೆ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ? ಆ ಅಕ್ಷರ ಅದನ್ನು ಹೇಳುವುದಿಲ್ಲ. ‘ಇನ್ನೂ ಚೆನ್ನಾಗಿ ಓದಬೇಕು’ ಎಂಬ ಷರಾ ಕೂಡ ಹೇಳುವುದಿಲ್ಲ. ಜ್ವರ ಬಂದವನಿಗೆ ‘ಇನ್ನೂ ಚೆನ್ನಾಗಿ ಆರೋಗ್ಯವಾಗಿರಬೇಕು’ ಎಂದು ಬರೆದುಕೊಡುವ ವೈದ್ಯನನ್ನು ನಾವು ಏನೆನ್ನುತ್ತೇವೆ?

ಹಿಂದೆ ಮಗು ‘ನಪಾಸು’ ಆಗುತ್ತಿತ್ತು. ಅದು ಕ್ರೂರವಾದ ಪದ್ಧತಿ. ಎಷ್ಟೋ ಮಕ್ಕಳನ್ನು, ಅದರಲ್ಲಿಯೂ ಬಡವರ ಮನೆಯ ಹೆಣ್ಣುಮಕ್ಕಳನ್ನು, ಅದು ಶಾಲೆಯಿಂದಲೇ ಓಡಿಸಿತು. ಶಿಕ್ಷಣ ಹಕ್ಕು ಕಾಯಿದೆಯು ಎಂಟನೆಯ ತರಗತಿಯವರೆಗೆ ಯಾರನ್ನೂ ಹಿಂದೆ ಉಳಿಸಬಾರದೆಂದಾಗ ನಾನು ಸ್ವಾಗತಿಸಿದವನು. ೨೦೧೯ರ ತಿದ್ದುಪಡಿಯು ಐದನೆಯ ಮತ್ತು ಎಂಟನೆಯ ತರಗತಿಗಳಲ್ಲಿ ಆ ನಿರ್ಧಾರವನ್ನು ಸರ್ಕಾರಗಳಿಗೆ ಬಿಟ್ಟುಕೊಟ್ಟಾಗ ಹರ್ಷಪಡಲಿಲ್ಲ. ಆದರೆ ಒಂದು ಸತ್ಯವನ್ನು ಒಪ್ಪಲೇಬೇಕು. ‘ನಪಾಸು’ ಎಂಬುದು ಎಷ್ಟೇ ಒರಟಾಗಿದ್ದರೂ ಮನೆಗೆ ತಲಪುತ್ತಿದ್ದ ಒಂದು ಸುದ್ದಿಯಾಗಿತ್ತು. ಅದನ್ನು ತೆಗೆದುಹಾಕಿದೆವು, ಒಳ್ಳೆಯದೇ ಆಯಿತು. ಅದರ ಜಾಗದಲ್ಲಿ ಸೌಮ್ಯವಾದ, ನಿಖರವಾದ, ಸಕಾಲದ ಸುದ್ದಿಯೊಂದನ್ನು ಇಡಬೇಕಾಗಿತ್ತು. ನಾವು ಇಟ್ಟದ್ದು ಮೌನವನ್ನು.

“ಸಾರ್, ನಮ್ಮ ಪೋಷಕರು ಅನಕ್ಷರಸ್ಥರು. ಅವರಿಗೆ ಏನು ಹೇಳಿದರೆ ತಾನೇ ಅರ್ಥವಾಗುತ್ತದೆ?” ಎನ್ನುವ ಶಿಕ್ಷಕರಿದ್ದಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾವ ಹಸು ಎಷ್ಟು ಹಾಲು ಕೊಟ್ಟಿತು, ಯಾವ ಸಂಘಕ್ಕೆ ಎಷ್ಟು ಕಂತು ಬಾಕಿ ಎಂಬುದನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡಿರುವ ತಾಯಿಗೆ ತನ್ನ ಮಗು ಓದುತ್ತಿದೆಯೋ ತಡವರಿಸುತ್ತಿದೆಯೋ ತಿಳಿಯದೇ? ೨೦೦೫ರಿಂದ ‘ಪ್ರಥಮ್’ ಸಂಸ್ಥೆಯು ನಡೆಸುತ್ತ ಬಂದಿರುವ ‘ಅಸರ್’ ಸಮೀಕ್ಷೆಯನ್ನು ನೋಡಿರಿ. ಸ್ವಯಂಸೇವಕರು ಹಳ್ಳಿಯ ಮನೆಗಳಿಗೇ ಹೋಗುತ್ತಾರೆ. ಅವರ ಕೈಯಲ್ಲಿರುವ ಓದಿನ ಹಾಳೆಯಲ್ಲಿ ಅಕ್ಷರಗಳು, ಪದಗಳು, ಒಂದು ಸಣ್ಣ ಪರಿಚ್ಛೇದ, ಎರಡನೆಯ ತರಗತಿಯ ಮಟ್ಟದ ಒಂದು ಕಥೆ, ಇಷ್ಟೇ ಇರುತ್ತವೆ. ಮಗು ಎಲ್ಲಿಯವರೆಗೆ ಓದಿತು, ಎಲ್ಲಿ ನಿಂತಿತು ಎಂಬುದನ್ನು ಬಾಗಿಲಲ್ಲಿ ನಿಂತ ಅಜ್ಜಿಯೂ ಕಂಡುಕೊಳ್ಳಬಲ್ಲಳು. ಓದು ಬಾರದವರಿಗೂ ಓದಿನ ಓಟ ಕೇಳಿಸುತ್ತದೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕೂಲಿಮಠಗಳ ಕಾಲದಲ್ಲಿ ಮಕ್ಕಳು ಮಹಾನವಮಿಗೆ ಮನೆಮನೆಯ ಮುಂದೆ ನಿಂತು ಚೌಪದ ಹೇಳುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕುಳಿತು ಮಗ್ಗಿ ಒಪ್ಪಿಸುತ್ತಿದ್ದರು. ಮಗುವಿನ ಕಲಿಕೆ ಮನೆಯವರ ಕಿವಿಗೆ ಬೀಳುತ್ತಿತ್ತು. ಆ ಮಠಗಳಲ್ಲಿ ಬೆತ್ತವಿತ್ತು, ಬಾಯಿಪಾಠವಿತ್ತು. ಎಷ್ಟೋ ಜಾತಿಗಳ ಮಕ್ಕಳಿಗೂ ಹೆಚ್ಚಿನ ಹೆಣ್ಣುಮಕ್ಕಳಿಗೂ ಪ್ರವೇಶವೇ ಇರಲಿಲ್ಲ. ಅವು ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಕಲಿತದ್ದನ್ನು ಮನೆಯವರೆದುರು ಕಾಣಿಸುವ ಆ ಒಂದು ರೂಢಿಯನ್ನಾದರೂ ಉಳಿಸಿಕೊಳ್ಳಬಹುದಿತ್ತಲ್ಲವೇ?

ಈ ಕಾಲದ ಉದಾಹರಣೆಯೂ ನಮ್ಮಲ್ಲಿಯೇ ಇದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾಗಿ ಅನಂತರ ರಾಜ್ಯದಾದ್ಯಂತ ಹರಡಿದ ‘ನಲಿ-ಕಲಿ’ ಪದ್ಧತಿಯಲ್ಲಿ ಕಲಿಕೆಯ ಏಣಿಯನ್ನು ಗೋಡೆಯ ಮೇಲೆಯೇ ತೂಗುಹಾಕುತ್ತಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಚಿತ್ರಗಳು, ಮೈಲಿಗಲ್ಲುಗಳು. ಪ್ರತಿ ಮಗು ಎಲ್ಲಿದೆಯೆಂಬ ಗುರುತು. ಆ ಏಣಿಯ ಮುಂದೆ ತಾಯಿಯೊಬ್ಬಳನ್ನು ನಿಲ್ಲಿಸಿ, “ನೋಡಮ್ಮಾ, ನಿನ್ನ ಮಗಳು ಇಲ್ಲಿದ್ದಾಳೆ, ಮುಂದಿನ ಮೆಟ್ಟಿಲು ಇದು” ಎನ್ನಲು ಎರಡು ನಿಮಿಷ ಸಾಕು. ಹಾಗೆ ಹೇಳುತ್ತಿದ್ದ ಶಿಕ್ಷಕಿಯರನ್ನು ನಾನು ಬಲ್ಲೆ. ಗೋಡೆಯ ಮೇಲಿನ ಏಣಿ ಅಧಿಕಾರಿಗಳ ತಪಾಸಣೆಗೆಂದು ತಿಳಿದಿದ್ದವರನ್ನೂ ಬಲ್ಲೆ.

ಶಿಕ್ಷಕರ ಹೊರೆಯ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ, ಗಣತಿ, ಕಂಪ್ಯೂಟರಿಗೆ ತುಂಬಬೇಕಾದ ಮಾಹಿತಿ, ಒಬ್ಬರೇ ಎರಡು ಮೂರು ತರಗತಿಗಳನ್ನು ನೋಡಿಕೊಳ್ಳುವ ಪಾಡು, ಇವೆಲ್ಲ ನಿಜ. ಆದರೂ ಲೆಕ್ಕ ಹಾಕೋಣ. ಕಿರಿಯ ಪ್ರಾಥಮಿಕದಲ್ಲಿ ಕಾಯಿದೆಯ ಪ್ರಕಾರ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು. ದಿನಕ್ಕೆ ಇಬ್ಬರು ಮಕ್ಕಳ ಮನೆಗೆ ಎರಡೆರಡು ವಾಕ್ಯ ಮುಟ್ಟಿಸಿದರೆ ಹದಿನೈದು ದಿನಗಳಲ್ಲಿ ತರಗತಿಯೇ ಮುಗಿಯುತ್ತದೆ. ಅರವತ್ತು ಮಕ್ಕಳಿದ್ದರೆ ಒಂದು ತಿಂಗಳು. ‘ಈಗ ಗುಣಿತಾಕ್ಷರ ಸರಾಗವಾಗಿ ಓದುತ್ತಾಳೆ. ಒತ್ತಕ್ಷರದಲ್ಲಿ ನಿಲ್ಲುತ್ತಾಳೆ, ಅಂಗಡಿಯ ಫಲಕಗಳನ್ನು ಓದಿಸಿರಿ.’ ಇಷ್ಟೇ. ಬರೆಯಬೇಕೆಂದೇನೂ ಇಲ್ಲ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಆ ಮನೆಗೆ ಮಾತ್ರ ಕಳುಹಿಸಬಹುದು. ಕೃಷ್ಣವೇಷದ ನಲವತ್ತು ಚಿತ್ರಗಳಿಗೆ ಸಿಗುವ ಸಮಯ ಇದಕ್ಕೆ ಸಿಗದೇ?

ಸಭೆಗಳ ವಿಚಾರವನ್ನೂ ಹೇಳಿಬಿಡುತ್ತೇನೆ. ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದು, “ಪೋಷಕರಿಗೆ ಆಸಕ್ತಿಯೇ ಇಲ್ಲ” ಎಂದು ಗೊಣಗುವುದು ನ್ಯಾಯವಲ್ಲ. ಆ ಹನ್ನೊಂದು ಗಂಟೆಗೆ ಒಂದು ದಿನದ ಕೂಲಿಯ ಬೆಲೆಯಿದೆ. ಸಂಜೆ ಡೇರಿಗೆ ಹಾಲು ಹಾಕಿ ಹಿಂದಿರುಗುವ ಹೊತ್ತಿಗೆ ಸಭೆಯಿಟ್ಟು ನೋಡಿರಿ. ಶಾಲಾ ಆಡಳಿತ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಹೆತ್ತವರೋ ಪೋಷಕರೋ ಆಗಿರಬೇಕೆಂದೂ, ಅರ್ಧದಷ್ಟು ಮಹಿಳೆಯರಿರಬೇಕೆಂದೂ ಕಾಯಿದೆಯ ೨೧ನೆಯ ಪ್ರಕರಣ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿಗಳು ೨೦೦೧ರಲ್ಲಿಯೇ ಬಂದವು. ಆದರೆ ಅಲ್ಲಿ ಕಾಂಪೌಂಡು, ಶೌಚಾಲಯ, ಅಡುಗೆಯವರ ವಿಚಾರಗಳು ಚರ್ಚೆಯಾಗುತ್ತವೆಯೇ ಹೊರತು ಎಷ್ಟು ಮಕ್ಕಳಿಗೆ ಓದು ಬಂದಿದೆಯೆಂದು ಕೇಳುವವರು ವಿರಳ.

ಹಣ ತೆತ್ತು ಖಾಸಗಿ ಶಾಲೆಗೆ ಸೇರಿಸಿದವರು ನಗಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಬರುವ ಡೈರಿಯ ಟಿಪ್ಪಣಿಯನ್ನು ಪಕ್ಕದ ಮನೆಯ ಕಾಲೇಜು ಹುಡುಗಿಯಿಂದ ಓದಿಸಿಕೊಳ್ಳುವ ತಾಯಂದಿರನ್ನು ಕಂಡಿದ್ದೇನೆ. ಹೆತ್ತವರಿಗೆ ತಿಳಿಯದ ಭಾಷೆಯಲ್ಲಿ ಹೆತ್ತವರಿಗೆ ತಿಳಿಸುವುದೆಂದರೇನು? ಅದು ಅಹಂಕಾರ. ಆ ಟಿಪ್ಪಣಿಯ ಕೆಳಗೆ ತಾಯಿ ಸಂಕೋಚದಿಂದ ಹಾಕುವ ರುಜು, ಗಾರೆ ಕೆಲಸದವರ ಹೆಬ್ಬೆಟ್ಟಿಗಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ.

ಇನ್ನು ತಾಯ್ತಂದೆಯರಾದ ನಿಮ್ಮ ಸರದಿ. ಶಿಕ್ಷಕರೆದುರು ಕುಳಿತಾಗ ನೀವು ಕೇಳುವ ಮೊದಲ ಪ್ರಶ್ನೆ ಯಾವುದು? “ಎಷ್ಟನೆಯ ರ‍್ಯಾಂಕು? ಪಕ್ಕದ ಮನೆಯವನಿಗೆ ಎಷ್ಟು?” ನೀವು ಅಂಕ ಕೇಳಿದಿರಿ, ಶಾಲೆ ಅಂಕ ಕೊಟ್ಟಿತು. ಶಿಕ್ಷಕರು ಧೈರ್ಯಮಾಡಿ “ಓದುವುದರಲ್ಲಿ ಹಿಂದಿದ್ದಾನೆ” ಎಂದರೆ ಮನೆಗೆ ಬಂದು ಮಗುವಿಗೆ ಬಡಿಯುತ್ತೀರಿ. ಇಲ್ಲವೇ ಆ ಶಿಕ್ಷಕರ ಮೇಲೆ ದೂರು ಒಯ್ಯುತ್ತೀರಿ. ಹೀಗಾದರೆ ನಿಜ ಹೇಳುವವರು ಯಾರು? ನಿಜವನ್ನು ಕೇಳಿಸಿಕೊಳ್ಳುವ ತಾಳ್ಮೆಯಿಲ್ಲದವರಿಗೆ ಸಿಹಿಮಾತೇ ಗತಿ. ಮುಂದಿನ ಸಲ ಶಾಲೆಗೆ ಹೋದಾಗ ಅಂಕವನ್ನು ಬಿಟ್ಟು ಈ ಮೂರನ್ನು ಕೇಳಿರಿ: ನನ್ನ ಮಗುವಿಗೆ ಈಗ ಏನು ಬರುತ್ತದೆ? ಎಲ್ಲಿ ಎಡವುತ್ತಿದೆ? ಮನೆಯಲ್ಲಿ ನಾವು ಏನು ಮಾಡಬೇಕು? ಉತ್ತರ ದೊರೆಯುವವರೆಗೆ ಪ್ರಗತಿಪತ್ರಕ್ಕೆ ರುಜು ಹಾಕಬೇಡಿರಿ. ವಿನಯದಿಂದ ಕುಳಿತಿರಿ, ಏಳಬೇಡಿರಿ.

ಶಿಕ್ಷಕರಾಗಿರುವ ನನ್ನ ಶಿಷ್ಯರಿಗೆ ಒಂದೇ ಮಾತು. ಮೂರನೆಯ ತರಗತಿಯಲ್ಲಿ ತಿಳಿದರೆ ನಾಲ್ಕು ತಿಂಗಳ ಆರೈಕೆಯಲ್ಲಿ ಸರಿಹೋಗಬಹುದಾದ ಕೊರತೆ, ಎಂಟನೆಯ ತರಗತಿಯಲ್ಲಿ ತಿಳಿದಾಗ ಆ ಹುಡುಗನ ಮಾನದ ಪ್ರಶ್ನೆಯಾಗಿರುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ತಿಳಿದರಂತೂ ಕಾಲ ಮೀರಿರುತ್ತದೆ. ನಿಮಗೆ ಇಂದೇ ಗೊತ್ತಿರುವ ಸಂಗತಿಯನ್ನು ಆ ಮನೆಗೆ ಇಂದೇ ಹೇಳಿರಿ, ಆ ಮನೆಯ ಭಾಷೆಯಲ್ಲಿ ಹೇಳಿರಿ.

ಒಪ್ಪದವರು ಧಾರಾಳವಾಗಿ ಬರೆಯಿರಿ. ತರಗತಿಯಲ್ಲಿ ಎದುರು ಮಾತನಾಡಿದವರನ್ನೇ ನಾನು ಹೆಚ್ಚು ನೆನಪಿಟ್ಟುಕೊಂಡಿದ್ದೇನೆ.