ಸಾಂಬ್ರಾ, ಹುಬ್ಬಳ್ಳಿ ಅಕ್ಕಪಕ್ಕದ ಓಣಿಗಳಲ್ಲ
(ವಿಮಾನಯಾನ ಸಂಸ್ಥೆಯೊಂದರ ಪ್ರಾದೇಶಿಕ ವ್ಯವಸ್ಥಾಪಕರಿಗೆ ಬಹಿರಂಗ ಪತ್ರ)

ಮಾನ್ಯ ವ್ಯವಸ್ಥಾಪಕರೇ,

ನನ್ನ ಇ-ಮೇಲ್‌ಗಳಿಗೆ ಯಂತ್ರ ಉತ್ತರ ಕೊಟ್ಟಿತು. ಸಹಾಯವಾಣಿಯಲ್ಲಿ ಸಂಗೀತ ಕೇಳಿದ್ದಾಯಿತು. ಕೊನೆಗೊಮ್ಮೆ ನಿಮ್ಮ ಕಚೇರಿಯಿಂದ ಮನುಷ್ಯರೊಬ್ಬರು ಬರೆದ ಉತ್ತರ ಬಂತು. ಅದನ್ನು ಓದಿದ ಮೇಲೆ ಈ ವಿಷಯ ನಾಲ್ಕು ಜನರ ಮುಂದೆಯೇ ಇತ್ಯರ್ಥವಾಗಲಿ ಅನ್ನಿಸಿತು.

ನಡೆದದ್ದು ತಮಗೆ ಗೊತ್ತೇ ಇದೆ. ಬೆಳಗಾವಿಯಿಂದ ಬೆಂಗಳೂರಿಗೆ ಹೋಗಬೇಕಿದ್ದ ವಿಮಾನ ರದ್ದಾಯಿತು, ಮಧ್ಯಾಹ್ನ ಹುಬ್ಬಳ್ಳಿಯಿಂದ ಹತ್ತಿ ಎಂದಿರಿ. ಮರುದಿನ ಅವ್ವನ ಮೊಣಕಾಲಿನ ಆಪರೇಷನ್. ಹಿಂದೆಮುಂದೆ ನೋಡುತ್ತಿದ್ದಾಗ ಕೌಂಟರಿನಲ್ಲಿದ್ದ ನಿಮ್ಮ ಅಧಿಕಾರಿ ನನ್ನ ಟಿಕೆಟ್ಟಿನ ಹಿಂಬದಿಗೆ ‘ಟ್ಯಾಕ್ಸಿ ಬಾಡಿಗೆ ಕಂಪನಿಯದು’ ಎಂದು ಬರೆದು ಸಹಿ ಹಾಕಿದರು. “ರಸೀದಿ ಜೋಪಾನ ಇಟ್ಕೊಳ್ರಿ ಸರ” ಎಂದೂ ಹೇಳಿದರು. ಜೋಪಾನವಾಗಿಯೇ ಇಟ್ಟುಕೊಂಡೆ. ಈಗ ನಿಮ್ಮ ಕಚೇರಿ ಹೇಳುತ್ತದೆ: ಹುಬ್ಬಳ್ಳಿ ‘ಸಮೀಪದ ನಿಲ್ದಾಣ’, ಒಂದು ತಾಸಿನ ದಾರಿ, ಬಾಡಿಗೆ ಕೊಡಲು ಬರುವುದಿಲ್ಲ.

ಯಾರು ಅಳೆದರು ಈ ಒಂದು ತಾಸನ್ನು? ನಕ್ಷೆಯ ಮೇಲೆ ಗೆರೆ ಎಳೆದರೆ ಸುಮಾರು 75 ಕಿ.ಮೀ. ರಸ್ತೆಯಲ್ಲಿ ನೂರರ ಹತ್ತಿರ. ಬೆಳಗಾವಿಯ ವಿಮಾನ ನಿಲ್ದಾಣ, ಸಾಂಬ್ರಾ, ಇರುವುದು ಬಾಗಲಕೋಟೆ ರಸ್ತೆಯಲ್ಲಿ. ಹುಬ್ಬಳ್ಳಿಗೆ ಹೊರಟವರು ಮೊದಲು ಬೆಳಗಾವಿಯ ಕಡೆಗೇ ಮರಳಿ ಹೆದ್ದಾರಿ ಸೇರಬೇಕು. ಆಮೇಲೆ ಹಿರೇಬಾಗೇವಾಡಿ ಟೋಲ್, ಎಂ.ಕೆ. ಹುಬ್ಬಳ್ಳಿ, ಕಿತ್ತೂರು, ಧಾರವಾಡ. ಅದನ್ನೂ ದಾಟಿದರೆ ಹುಬ್ಬಳ್ಳಿ ನಿಲ್ದಾಣದ ಗೋಕುಲ ರಸ್ತೆ. ಎಲ್ಲ ಸುಸೂತ್ರವಾಗಿದ್ದರೂ ಹೆಚ್ಚುಕಡಿಮೆ ಎರಡು ತಾಸು. ಇಷ್ಟಾಗಿ, ವಿಮಾನ ಹೊರಡುವುದಕ್ಕೆ ಎಷ್ಟೋ ಮುಂಚೆ ಕೌಂಟರ್ ಮುಚ್ಚುವವರೂ ನೀವೇ. ರೈಲಿಗೆ ಹೋಗೋಣವೆಂದರೆ ಅದು ಖಾನಾಪುರ, ಲೋಂಡಾ, ಅಳ್ನಾವರ ಸುತ್ತಿ ಬರುತ್ತದೆ. ಕಿತ್ತೂರಿನ ಮೇಲೆ ಧಾರವಾಡಕ್ಕೆ ಬರಬೇಕಾದ 73 ಕಿ.ಮೀ.ಗಳ ನೇರ ಮಾರ್ಗ ವರ್ಷಗಳಿಂದ ಭಾಷಣಗಳಲ್ಲೇ ಓಡುತ್ತಿದೆ.

ಅಷ್ಟೊಂದು ಸಮೀಪವಾಗಿದ್ದರೆ ನೀವೇ ಒಂದು ವಾಹನ ಯಾಕೆ ಮಾಡಲಿಲ್ಲ? ಸಾಂಬ್ರಾದಲ್ಲಿ ಅವ್ವನಿಗೆಂದು ಕಾದಿರಿಸಿದ ಗಾಲಿಕುರ್ಚಿಯ ಸುದ್ದಿ ಹುಬ್ಬಳ್ಳಿಗೆ ಯಾಕೆ ಮುಟ್ಟಲಿಲ್ಲ? ಅಲ್ಲಿ ಕೇಳಿದರೆ “ಲಿಸ್ಟಿನ್ಯಾಗ ಹೆಸರಿಲ್ರಿ” ಎಂಬ ಉತ್ತರ. ನನ್ನ ಹೆಗಲು ಹಿಡಿದು, ಎರಡು ಹೆಜ್ಜೆಗೊಮ್ಮೆ ನಿಂತು, ಅವ್ವ ಒಳಗೆ ನಡೆದರು.

ವಿಮಾನ ರದ್ದಾದರೆ ಪ್ರಯಾಣಿಕರು ಒಪ್ಪುವ ಬದಲಿ ವಿಮಾನ, ಇಲ್ಲವೇ ಹಣ ವಾಪಸ್ ಎಂಬುದು ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮ. ನಾನು ಒಪ್ಪಿದ್ದು ಬಾಡಿಗೆಯ ಮಾತನ್ನು ನಂಬಿ. ಒಪ್ಪಿಗೆಯನ್ನು ಇಟ್ಟುಕೊಂಡು ಮಾತನ್ನು ಮಾತ್ರ ವಾಪಸ್ ಪಡೆಯುವುದು ಯಾವ ನ್ಯಾಯ?

ನನ್ನೊಬ್ಬನದೇ ಗೋಳಾಗಿದ್ದರೆ ಸುಮ್ಮನಿರುತ್ತಿದ್ದೆ. 2019ರಲ್ಲಿ ಕೇಂದ್ರದ ಉಡಾನ್ ಯೋಜನೆಯ ಮೂರನೇ ಸುತ್ತಿನಲ್ಲಿ ಬೆಳಗಾವಿಯ ಹೆಸರು ಬಂದಾಗ ಸಂಸ್ಥೆಗಳೆಲ್ಲ ಓಡೋಡಿ ಬಂದವು. ಮೂರು ವರ್ಷದ ಸಬ್ಸಿಡಿ ಮುಗಿಯುತ್ತಲೇ ಹಲವು ಮಾರ್ಗಗಳು ಕಳಚಿಬಿದ್ದವು. ಕೇಳಿದರೆ ಹುಬ್ಬಳ್ಳಿ ಇದೆಯಲ್ಲ ಎನ್ನುತ್ತೀರಿ. ಹುಬ್ಬಳ್ಳಿಯಲ್ಲಿ ರದ್ದಾದರೆ ಅಲ್ಲಿನವರಿಗೆ ಬೆಳಗಾವಿ ತೋರಿಸುತ್ತೀರಿ. ಕೆಂಪೇಗೌಡ ನಿಲ್ದಾಣದ ವಿಮಾನ ರದ್ದುಮಾಡಿ ‘ನೂರು ಕಿ.ಮೀ. ಆಚೆ ಹೋಗಿ ಹತ್ತಿ’ ಎಂದು ಬೆಂಗಳೂರಿನವರಿಗೆ ಹೇಳುವ ಧೈರ್ಯ ನಿಮಗಿದೆಯೇ?

ಹದಿನೈದು ದಿನ ಕೊಡುತ್ತೇನೆ. ಬಾಡಿಗೆ ಕೊಡಿ, ಅವ್ವನಿಗೆ ಲಿಖಿತವಾಗಿ ಕ್ಷಮೆ ಕೇಳಿ, ನಿಲ್ದಾಣ ಬದಲಿಸಿದಾಗಲೆಲ್ಲ ವಾಹನ ನೀವೇ ಮಾಡಿ. ಇಲ್ಲವಾದರೆ ನಿಮ್ಮ ಅಧಿಕಾರಿಯ ಸಹಿಯಿರುವ ಆ ಟಿಕೆಟ್ಟನ್ನು ಗ್ರಾಹಕರ ಆಯೋಗದ ಮುಂದಿಡುತ್ತೇನೆ. ಒಂದು ತಾಸಿನ ಲೆಕ್ಕವನ್ನು ಅಲ್ಲಿ ಬಂದು ಹೇಳಿ.

ಇಂತಿ,
ಬೆಳಗಾವಿಯ ಒಬ್ಬ ಪ್ರಯಾಣಿಕ