ಸ್ಟೇ ತರುವ ಮೊದಲು ಓದಬೇಕಾದ ಎರಡು ಸಾಲು

ಮಾನ್ಯ ಅಧ್ಯಕ್ಷರು,
ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಬೆಂಗಳೂರು.



ನಮ್ಮ ಯಡ್ರಾಮಿ ಕಡೆ ಕರೆಂಟ್ ಬಿಲ್ಲಿನ ತಕರಾರು ಎದ್ದರೆ ಕಟ್ಟೆಯ ಮೇಲೆ ಕುಂತವರ ಸಲಹೆ ಒಂದೇ: ‘ಸ್ಟೇ ತರ್ರಿ.’ ಸಂತೆಯಿಂದ ಮೆಣಸಿನಕಾಯಿ ತರುವಷ್ಟು ಸಲೀಸಾಗಿ ಹೇಳಿಬಿಡುತ್ತಾರೆ.

ಒಂದು ಹಿಟ್ಟಿನ ಗಿರಣಿಯನ್ನೇ ತಗೊಳ್ಳಿ. ಗೋಡೆಗುಂಟ ಜೋಳದ ಡಬ್ಬಿಗಳ ಸಾಲು. ಯಾವುದು ಯಾರದು ಅಂತ ಬಾಯಿಗೆ ಕಟ್ಟಿದ ಬಟ್ಟೆ ನೋಡಿಯೇ ಗಿರಣಿಯವನಿಗೆ ಗೊತ್ತು. ತಿಂಗಳಿಗೆ 4,000 ರೂಪಾಯಿ ಆಸುಪಾಸು ಕಟ್ಟುತ್ತ ಬಂದವನ ಕೈಗೆ ಒಂದು ದಿನ 60,000 ರೂಪಾಯಿ ಬಾಕಿಯ ನೋಟಿಸು ಬಂತು ಅನ್ನಿ. ಲೆಕ್ಕ ತಪ್ಪು ಅನ್ನುತ್ತಾನೆ ಅವನು, ಸರಿ ಅನ್ನುತ್ತದೆ ಕರೆಂಟ್ ಕಂಪನಿ. ಯಾರದು ಖರೆ ಎಂದು ತೀರ್ಮಾನವಾಗುವವರೆಗೆ ಬೆಲ್ಟು ತಿರುಗಬೇಕೋ ಬೇಡವೋ?

ಕೋರ್ಟಿನ ದಾರಿ ಇದೆ, ಆದರೆ ಹಾಳಾದ ದಾರಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 145ನೇ ಕಲಂ ಸಿವಿಲ್ ಕೋರ್ಟುಗಳ ಕೈ ಕಟ್ಟಿದೆ. ಆ ಕಾಯ್ದೆಯ ಅಧಿಕಾರದಡಿ ಕೈಗೊಂಡ ಕ್ರಮಕ್ಕೆ ತಡೆಯಾಜ್ಞೆ ಕೊಡಬಾರದು ಎನ್ನುತ್ತದೆ. ಹಾಗಾಗಿ ಜೇವರ್ಗಿಯ ಕೋರ್ಟಿಗೆ ಹೋದವನು ಕೊನೆಗೆ ಕಟ್ಟಿಸಂಗಾವಿಯ ಸೇತುವೆಯಲ್ಲಿ ಭೀಮೆಯನ್ನು ದಾಟಿ ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ರಿಟ್ ಹಾಕಬೇಕಾದೀತು. ಆ ಪೀಠ 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆದದ್ದು ನಮ್ಮ ಪುಣ್ಯ. ಇಲ್ಲದಿದ್ದರೆ ಬೆಂಗಳೂರಿನ ರೈಲೇ ಗತಿ.

ಕರೆಂಟ್ ಕಿತ್ತ ಮೇಲೆ ಹೋದರಂತೂ ಇನ್ನೂ ಬಿಗಿ. ಮಾಡಬೇಡಿ ಅನ್ನುವ ಆದೇಶಕ್ಕಿಂತ ಮತ್ತೆ ಜೋಡಿಸಿ ಅನ್ನುವ ಮಧ್ಯಂತರ ಆದೇಶ ಕಷ್ಟದ್ದು. 1990ರ ದೊರಾಬ್ ವಾರ್ಡನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಅಳತೆಗೋಲು ಇಟ್ಟಿತು: ಮೇಲ್ನೋಟಕ್ಕೆ ಕಾಣುವುದಕ್ಕಿಂತ ಗಟ್ಟಿಯಾದ ಪ್ರಕರಣವಿರಬೇಕು, ಹಣದಿಂದ ತುಂಬಿಕೊಡಲಾಗದ ನಷ್ಟವಿರಬೇಕು. ಗಿರಣಿಯವನು ಇಲ್ಲೇ ಸಿಕ್ಕಿಬೀಳುತ್ತಾನೆ. ನಿಂತ ದಿನಗಳ ದುಡಿಮೆಯನ್ನು ರೂಪಾಯಿಯಲ್ಲಿ ಎಣಿಸಿ ಹೇಳಬಹುದಲ್ಲ! ಎಣಿಸಲು ಬಾರದ್ದು ಬೇರೆ ಇದೆ. ಮುಂಜಾನೆ ಡಬ್ಬಿ ಇಟ್ಟುಹೋದಾಕೆಗೆ ಸಂಜೆ ರೊಟ್ಟಿಗೆ ಹಿಟ್ಟು ಬೇಕು. ಎರಡು ದಿನ ಬಾಗಿಲು ಹಾಕಿದ್ದರೆ ಆಕೆ ಇನ್ನೊಂದು ಓಣಿಯ ಗಿರಣಿ ಹಿಡಿಯುತ್ತಾಳೆ. ಅಲ್ಲಿ ಹಿಟ್ಟು ಸಣ್ಣಗೆ ಬಂದರೆ ಮತ್ತೆ ಈ ಕಡೆ ತಿರುಗಿ ನೋಡುವುದಿಲ್ಲ. ಇದನ್ನು ಅಫಿಡವಿಟ್ಟಿನಲ್ಲಿ ಹೇಗೆ ಬರೆಸುವುದು?

ವಿಚಿತ್ರವೆಂದರೆ ಅವನಿಗೆ ಬೇಕಾದ ‘ಸ್ಟೇ’ ಕಾಯ್ದೆಯೊಳಗೇ ಇದೆ. 56ನೇ ಕಲಮಿನ ಪ್ರಕಾರ ಬಾಕಿಗಾಗಿ ಕರೆಂಟ್ ಕಡಿಯುವ ಮುನ್ನ ಪೂರ್ತಿ 15 ದಿನದ ಲಿಖಿತ ನೋಟಿಸು ಕೊಡಬೇಕು. 1910ರ ಹಳೆಯ ಕಾಯ್ದೆಯಲ್ಲಿ ಇದು ಏಳೇ ದಿನವಿತ್ತು. ಇನ್ನೂ ಮುಖ್ಯವಾದದ್ದು ಅದರ ಪರಂತುಕ: ಕೇಳಿದ ಪೂರ್ತಿ ಮೊತ್ತವನ್ನೋ, ಹಿಂದಿನ ಆರು ತಿಂಗಳ ಸರಾಸರಿಯಂತೆ ಪ್ರತಿ ತಿಂಗಳ ಶುಲ್ಕವನ್ನೋ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ವ್ಯಾಜ್ಯ ಮುಗಿಯುವವರೆಗೆ ಕರೆಂಟ್ ಕಡಿಯುವಂತಿಲ್ಲ. ಅಂದರೆ ನಮ್ಮ ಗಿರಣಿಯವನು 60,000 ಹೊಂದಿಸಲು ಬಡ್ಡಿಯವನ ಮನೆಗೆ ಓಡಬೇಕಿಲ್ಲ. ತಿಂಗಳ 4,000 ಕಟ್ಟುತ್ತ, ಕುಂದುಕೊರತೆ ವೇದಿಕೆಯಲ್ಲಿ ಲೆಕ್ಕ ಕೇಳಬಹುದು. (ಕಳವು ಮಾಡಿದವನ, ಅನಧಿಕೃತವಾಗಿ ಎಳೆದವನ ಹಾದಿ ಬೇರೆ. ಅವರ ಪರ ನನ್ನ ವಕಾಲತ್ತಿಲ್ಲ.)

ಈ ಮಾತು ವಕೀಲರಿಗೆ ಗೊತ್ತು, ಗಿರಣಿಯವನಿಗೂ ಗೊತ್ತಾಗಬೇಕು. ಸರಬರಾಜಿನ ಷರತ್ತುಗಳನ್ನು ಬರೆಯುವವರು ನೀವು. ಕಡಿತದ ನೋಟಿಸಿನಲ್ಲಿ ಬಾಕಿ ಮೊತ್ತದ ಕೆಳಗೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಈ ಪರಂತುಕವನ್ನು ಎರಡು ಸಾಲು ಕನ್ನಡದಲ್ಲಿ ಅಚ್ಚು ಹಾಕುವುದು ಕಡ್ಡಾಯ ಮಾಡಿ. ಹಿಂಬದಿಯಲ್ಲಿ ಬೇಡ, ಅಲ್ಲಿ ಯಾರೂ ಓದುವುದಿಲ್ಲ. ಸರಾಸರಿಯ ಆ ಮೊತ್ತವನ್ನೂ ಕಂಪನಿಯೇ ಲೆಕ್ಕ ಹಾಕಿ ನಮೂದಿಸಲಿ. ಕೌಂಟರಿನಲ್ಲಿ ದುಡ್ಡು ತಗೊಳ್ಳುವವರು ರಸೀದಿಯ ಮೇಲೆ ‘ಆಕ್ಷೇಪಣೆಯೊಂದಿಗೆ’ ಅಂತ ಒಂದು ಮೊಹರು ಒತ್ತಲಿ.

ಇತಿ,
ಯಡ್ರಾಮಿಯ ಒಬ್ಬ ಗ್ರಾಹಕ